‘ಪುಟ್ ಆಫ್’ ಎಲ್ಲಿ ಕೈಕೊಡುತ್ತದೆ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

‘ಪುಟ್’ ಗೊತ್ತು, ‘ಆಫ್’ ಗೊತ್ತು. ಎರಡೂ ಜೊತೆಗೆ ಬಂದ ಕೂಡಲೇ ವಾಕ್ಯ ಎಡವುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಎರಡು ಚಿಕ್ಕ ಪದ ಸೇರಿ ಬೇರೆಯದೇ ಅರ್ಥ ಕೊಡುವ ಜೋಡಿಗಳಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ‘ಪುಟ್ ಆಫ್’ ಅಂದರೆ ಸಾಮಾನ್ಯವಾಗಿ ಮುಂದೂಡುವುದು. ‘ಕ್ಯಾನ್ ವಿ ಪುಟ್ ಇಟ್ ಆಫ್ ಟಿಲ್ ಟುಮಾರೋ?’ ಅಂದರೆ ನಾಳೆಗೆ ಹಾಕಿಕೊಳ್ಳೋಣವೇ ಅಂತ.

ಇಡೀ ವ್ಯಾಕರಣ ಓದಿ ಇದನ್ನು ಸರಿ ಮಾಡಬೇಕಿಲ್ಲ. ಏನು ಕೆಟ್ಟಂತೆ ಕಾಣುತ್ತಿದೆ ಅನ್ನುವುದರಿಂದ ಶುರು ಮಾಡಿ, ಸುಲಭದ್ದನ್ನು ಮೊದಲು ನೋಡಿ. ಎಲ್ಲಕ್ಕಿಂತ ಮೊದಲ ಪರೀಕ್ಷೆ ಇದು: ‘ಪುಟ್ ಆಫ್’ ತೆಗೆದು ಅಲ್ಲಿ ‘ಪೋಸ್ಟ್‌ಪೋನ್’ ಇಟ್ಟು ಓದಿ. ಅರ್ಥ ಕೂತರೆ ನಿಮ್ಮದು ಮುಂದೂಡುವ ‘ಪುಟ್ ಆಫ್’, ಕೆಳಗಿನ ಮೊದಲ ಐದು ಲಕ್ಷಣಗಳಲ್ಲಿ ದೋಷ ಸಿಗುತ್ತದೆ. ಕೂರದೇ ಹೋದರೆ ನೇರವಾಗಿ ಆರನೆಯದಕ್ಕೆ ಅಥವಾ ಏಳನೆಯದಕ್ಕೆ ಹೋಗಿ.

ಲಕ್ಷಣ 1: ವಾಕ್ಯ ಸರಿ ಇದೆ ಅನ್ನಿಸುತ್ತದೆ, ಆದರೂ ಓದಿದವರು ತಪ್ಪು ತೋರಿಸುತ್ತಾರೆ

ಅಕ್ಷರ ನೋಡಿ. ‘ಆಫ್’ಗೆ ಎರಡು ಎಫ್ ಬೇಕು. ಒಂದೇ ಎಫ್ ಬರೆದರೆ ಅದು ‘ಆವ್’ ಅನ್ನುವ ಬೇರೆ ಪದ. ಅದೂ ಇಂಗ್ಲಿಷಿನಲ್ಲಿ ಇರುವ ಪದವೇ ಆದ್ದರಿಂದ ಕಂಪ್ಯೂಟರು ಅದರ ಕೆಳಗೆ ಕೆಂಪು ಗೆರೆ ಎಳೆಯದೇ ಇರಬಹುದು. ‘ಪುಟಿಂಗ್’ ಬರೆಯುವಾಗ ಎರಡು ಟಿ ಬೇಕು.

ಇನ್ನೊಂದು, ‘ಪುಟೆಡ್’. ಹಾಗೊಂದು ರೂಪ ‘ಪುಟ್’ಗೆ ಇಲ್ಲ. ಇವತ್ತೂ ಪುಟ್, ನಿನ್ನೆಯೂ ಪುಟ್, ‘ಹ್ಯಾವ್’ ಆದ ಮೇಲೂ ಪುಟ್. ತಮಾಷೆ ಏನೆಂದರೆ ಸ್ಪೆಲ್ ಚೆಕ್ ಇದನ್ನೂ ಬಿಟ್ಟುಬಿಡಬಹುದು. ಗಾಲ್ಫ್ ಆಟದಲ್ಲಿ ಚೆಂಡನ್ನು ಮೆಲ್ಲಗೆ ಗುಳಿಯ ಕಡೆ ಉರುಳಿಸುವುದಕ್ಕೆ ಇರುವ ಬೇರೊಂದು ಪದದ ಹಿಂದಿನ ಕಾಲಕ್ಕೆ ಇದೇ ಅಕ್ಷರಗಳಿವೆ. ಹೇಳುವಾಗ ಅದು ‘ಪಟೆಡ್’.

ಕಾಲ ಯಾವುದು ಅಂತ ಹಾಗಾದರೆ ಗೊತ್ತಾಗುವುದು ಹೇಗೆ? ‘ಹಿ’, ‘ಶಿ’ ಇದ್ದಾಗ ‘ಎಸ್’ ನೋಡಿ. ‘ಶಿ ಪುಟ್ಸ್ ಇಟ್ ಆಫ್’ ಅಂದರೆ ಅವಳು ಯಾವಾಗಲೂ ಮುಂದೂಡುತ್ತಾಳೆ. ‘ಶಿ ಪುಟ್ ಇಟ್ ಆಫ್’ ಅಂದರೆ ಮುಂದೂಡಿದಳು. ಒಂದು ‘ಎಸ್’ ಬಿಟ್ಟರೆ ಅಭ್ಯಾಸ ಹೋಗಿ ನಡೆದ ಘಟನೆ ಆಗುತ್ತದೆ.

ಬಾಯಲ್ಲಿ ಹೇಳುವಾಗ ಜನ ‘ಏನಂದ್ರಿ?’ ಅಂತ ಮತ್ತೆ ಕೇಳುತ್ತಿದ್ದರೆ ಒತ್ತು ಎಲ್ಲಿ ಬೀಳುತ್ತಿದೆ ನೋಡಿ. ‘ಪುಟ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ. ‘ಪುಟ್’ ಮೇಲೆ ಒತ್ತಿ ‘ಆಫ್’ ನುಂಗಿದರೆ ಕೇಳುವವರಿಗೆ ಸಿಗುವುದು ‘ಇಡು’ ಮಾತ್ರ. ನಿಮಗೇ ಬೇರೆಯವರ ಮಾತು ಅರ್ಥವಾಗದಿದ್ದರೆ ಕಾರಣ ತಿರುವು ಮುರುವು: ಅವರು ಮೂರನ್ನೂ ಅಂಟಿಸಿ ‘ಪುಟಿಟಾಫ್’ ಅನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ನಡುವಿನ ಟಿ ಮೆತ್ತಗಾಗಿ ‘ಪುಡಿಡಾಫ್’ ಅಂತ ಕೇಳಬಹುದು. ಅದೇನೂ ಹೊಸ ಪದವಲ್ಲ.

ಲಕ್ಷಣ 2: ‘ಅದನ್ನು’ ಸೇರಿಸಿದ ಕೂಡಲೇ ವಾಕ್ಯ ಒಡೆಯುತ್ತದೆ

‘ಪುಟ್ ಆಫ್ ಇಟ್’ ಅಂದಿದ್ದೀರಾ? ಹಾಗಾದರೆ ದೋಷ ಸಿಕ್ಕಿತು. ‘ಇಟ್’, ‘ದೆಮ್’, ‘ಹಿಮ್’, ‘ಮಿ’ ಇಂಥ ಪುಟ್ಟ ಪದ ಬಂದರೆ ಅದರ ಜಾಗ ನಡುವೆ. ‘ಪುಟ್ ಇಟ್ ಆಫ್’. ಇದರಲ್ಲಿ ರಿಯಾಯಿತಿ ಇಲ್ಲ.

ಹೆಸರು ಬಂದರೆ ಎರಡೂ ನಡೆಯುತ್ತದೆ: ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’. ಆದರೆ ಹೆಸರಿಗೆ ಬಾಲ ಉದ್ದವಾದಷ್ಟೂ ‘ಆಫ್’ ಬೇಗ ಹೇಳಿ ಮುಗಿಸಿ. ‘ಪುಟ್ ದಿ ಮೀಟಿಂಗ್ ವಿ ಹ್ಯಾಡ್ ಪ್ಲಾನ್ಡ್ ವಿತ್ ದಿ ನ್ಯೂ ಮ್ಯಾನೇಜರ್ ಆಫ್’ ಅಂದರೆ ಕೊನೆಗೆ ಬರುವ ಆ ‘ಆಫ್’ ಯಾರದು ಅಂತ ಕೇಳುವವರು ಹುಡುಕಬೇಕು.

ಈ ರಿಪೇರಿ ‘ಸ್ವಿಚ್ ಆಫ್’, ‘ಪಿಕ್ ಅಪ್’, ‘ಟರ್ನ್ ಡೌನ್’ ಇವಕ್ಕೂ ಆಗುತ್ತದೆ. ಎಲ್ಲ ಜೋಡಿಗೂ ಆಗುವುದಿಲ್ಲ. ‘ಲುಕ್ ಆಫ್ಟರ್ ಇಟ್’ ಸರಿ, ‘ಲುಕ್ ಇಟ್ ಆಫ್ಟರ್’ ತಪ್ಪು. ಹಾಗಾಗಿ ಇಲ್ಲಿ ಕಲಿತದ್ದನ್ನು ಸುಮ್ನೆ ಎಲ್ಲ ಕಡೆ ಹಾಕಬೇಡಿ.

ಲಕ್ಷಣ 3: ‘ಹೋಗುವುದನ್ನು’, ‘ಮಾಡುವುದನ್ನು’ ಅನ್ನಲು ಹೋದಾಗ ಸಿಕ್ಕಿಕೊಳ್ಳುತ್ತದೆ

‘ಐ ಪುಟ್ ಆಫ್ ಟು ಗೋ’ ಅಲ್ಲ, ‘ಐ ಪುಟ್ ಆಫ್ ಗೋಯಿಂಗ್’. ಮುಂದೂಡಿದ್ದು ಒಂದು ಕೆಲಸವಾಗಿದ್ದರೆ ಆ ಕ್ರಿಯೆಗೆ ‘ಇಂಗ್’ ಅಂಟಬೇಕು. ಕನ್ನಡ ಇಲ್ಲಿ ನಿಮ್ಮ ಕಡೆಗೇ ಇದೆ. ನಾವೂ ‘ಹೋಗಲು ಮುಂದೂಡಿದೆ’ ಅನ್ನುವುದಿಲ್ಲ, ‘ಹೋಗುವುದನ್ನು ಮುಂದೂಡಿದೆ’ ಅನ್ನುತ್ತೇವೆ, ಅಲ್ವಾ? ಆ ‘ಹೋಗುವುದು’ ಎಂಬ ರೂಪಕ್ಕೆ ಸರಿಯಾಗಿ ಇಂಗ್ಲಿಷಿನ ‘ಗೋಯಿಂಗ್’ ಕೂರುತ್ತದೆ.

ಇದರ ಪಕ್ಕದಲ್ಲೇ ಇರುವ ದೋಷ: ‘ಐ ಆಮ್ ಪುಟಿಂಗ್ ಇಟ್ ಆಫ್ ಸಿನ್ಸ್ ಟೂ ವೀಕ್ಸ್’. ಎರಡು ವಾರದಿಂದ ಮುಂದೂಡುತ್ತಾ ಬಂದಿದ್ದೇನೆ ಅನ್ನಲು ‘ಐ ಹ್ಯಾವ್ ಬೀನ್ ಪುಟಿಂಗ್ ಇಟ್ ಆಫ್ ಫಾರ್ ಟೂ ವೀಕ್ಸ್’. ‘ಮುಂದೂಡುತ್ತಾ ಬಂದಿದ್ದೇನೆ’ ಅನ್ನುವಲ್ಲಿ ಆ ‘ಬಂದಿದ್ದೇನೆ’ ಇದೆಯಲ್ಲ, ಅದರ ಕೆಲಸವನ್ನು ‘ಹ್ಯಾವ್ ಬೀನ್’ ಮಾಡುತ್ತದೆ. ಎಷ್ಟು ಹೊತ್ತು, ಎಷ್ಟು ದಿನ ಅನ್ನುವುದಕ್ಕೆ ‘ಫಾರ್’. ಯಾವತ್ತಿನಿಂದ ಅನ್ನುವುದಕ್ಕೆ ‘ಸಿನ್ಸ್’.

ಇದೆಲ್ಲ ತಲೆನೋವು ಅನ್ನಿಸಿದರೆ ‘ಐ ಕೀಪ್ ಪುಟಿಂಗ್ ಇಟ್ ಆಫ್’ ಅಂತ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಮಾಡಬೇಕು ಮಾಡಬೇಕು ಅಂತ ದಿನ ದೂಡುತ್ತಿದ್ದೇನೆ ಅನ್ನುವುದಕ್ಕೆ ಇಷ್ಟು ಸಹಜವಾದ ಇಂಗ್ಲಿಷ್ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಲಕ್ಷಣ 4: ‘ಯಾರು ಮುಂದೂಡಿದರು?’ ಅಂತ ವಾಪಸ್ ಪ್ರಶ್ನೆ ಬರುತ್ತದೆ

ವಾಕ್ಯ ಬಹುಶಃ ಹೀಗಿರುತ್ತದೆ: ‘ದಿ ಮೀಟಿಂಗ್ ಹ್ಯಾಸ್ ಪುಟ್ ಆಫ್’. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಕನ್ನಡ ಮಾತಾಡುವವರ ಇಂಗ್ಲಿಷಿನಲ್ಲಿ ಇದು ಎಷ್ಟೋ ಕಡೆ ನುಸುಳುತ್ತದೆ.

ನಾವು ದಿನಾ ‘ಮೀಟಿಂಗ್ ಪೋಸ್ಟ್‌ಪೋನ್ ಆಗಿದೆ’ ಅನ್ನುತ್ತೇವೆ. ‘ಮಾಡಿದ್ದಾರೆ’ ಅಂದರೆ ಮಾಡಿದವರು ಬೇಕು. ‘ಆಗಿದೆ’ ಅಂದರೆ ಬೇಡ. ಆ ‘ಆಗಿದೆ’ಯನ್ನು ಇಂಗ್ಲಿಷಿಗೆ ತರುವಾಗ ‘ಹ್ಯಾಸ್’ ಒಂದೇ ಬಾಯಿಗೆ ಬರುತ್ತದೆ. ಆಗ ಇಂಗ್ಲಿಷಿನವರ ಕಿವಿಗೆ ಮೀಟಿಂಗೇ ಏನನ್ನೋ ಮುಂದೂಡಿದಂತೆ ಕೇಳುತ್ತದೆ. ಏನನ್ನು ಅಂತ ವಾಕ್ಯ ಹೇಳುವುದೂ ಇಲ್ಲ. ತಪ್ಪಿಹೋದ ತುಣುಕು ‘ಬೀನ್’: ‘ದಿ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್’. ಅಥವಾ ಮುಂದೂಡಿದವರನ್ನೇ ಎದುರಿಗೆ ನಿಲ್ಲಿಸಿ: ‘ದೇ ಹ್ಯಾವ್ ಪುಟ್ ಆಫ್ ದಿ ಮೀಟಿಂಗ್’. ಎರಡರಲ್ಲಿ ಯಾವುದು ಸುಲಭವೋ ಅದನ್ನು ಆರಿಸಿ. ಮಾತಿನಲ್ಲಿ ಎರಡನೆಯದೇ ಹಗುರ.

ಇದೇ ಜಾಗದಲ್ಲಿ ಇನ್ನೊಂದು ಪರೀಕ್ಷೆ. ಈ ತಡವನ್ನು ಯಾರಾದರೂ ಕೂತು ತೀರ್ಮಾನ ಮಾಡಿದರಾ? ಮಾಡಿದ್ದರೆ ಮಾತ್ರ ‘ಪುಟ್ ಆಫ್’. ರೈಲು ತಡವಾದರೆ ‘ದಿ ಟ್ರೇನ್ ಈಸ್ ಡಿಲೇಡ್’, ‘ದಿ ಟ್ರೇನ್ ಈಸ್ ಲೇಟ್’. ‘ದಿ ಟ್ರೇನ್ ವಾಸ್ ಪುಟ್ ಆಫ್’ ಅನ್ನುವಂತಿಲ್ಲ.

ಲಕ್ಷಣ 5: ವ್ಯಾಕರಣ ಸರಿ, ಆದರೆ ಜನ ತಪ್ಪು ದಿನ ಬಂದರು, ಅಥವಾ ಬರಲೇ ಇಲ್ಲ

ನಿಜವಾಗಿ ನಷ್ಟ ಮಾಡುವ ದೋಷ ಇದು. ಮೊದಲ ನಾಲ್ಕು ಕೆಟ್ಟರೆ ಜಾಸ್ತಿ ಅಂದರೆ ಸ್ವಲ್ಪ ಮುಜುಗರ. ಇದು ಕೆಟ್ಟರೆ ಕೆಲಸ ಕೆಡುತ್ತದೆ.

ಬರಬೇಕಾದವರು ಬರಲೇ ಇಲ್ಲ ಅಂದರೆ ಎರಡು ಸಾಧ್ಯತೆ. ನೀವು ‘ಕಾಲ್ ಆಫ್’ ಅಂದಿರಬಹುದು. ಅದು ರದ್ದು. ‘ಪುಟ್ ಆಫ್’ ಮುಂದೂಡಿಕೆ. ‘ಆಫ್’ ಎರಡರಲ್ಲೂ ಇರುವುದರಿಂದ ನಾಲಗೆ ತಪ್ಪುವುದು ಸುಲಭ. ಅಥವಾ ‘ಪುಟ್ ಆಫ್’ ಅಂತಲೇ ಹೇಳಿ ಹೊಸ ದಿನ ಹೇಳದೇ ಬಿಟ್ಟಿರಬಹುದು. ದಿನ ಗೊತ್ತಿಲ್ಲದ ಮುಂದೂಡಿಕೆಯನ್ನು ಜನ ರದ್ದು ಅಂತಲೇ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ‘ಟಿಲ್’ ಸೇರಿಸಿ ದಿನ ಹೇಳಿ: ‘ದಿ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಟಿಲ್ ಮಂಡೇ’. ‘ಅಂಟಿಲ್’, ‘ಟು’ ಕೂಡ ಆಗುತ್ತದೆ. ‘ಬೈ ಮಂಡೇ’ ಬೇಡ. ‘ಬೈ’ ಬಂದರೆ ಮುಂದೂಡಿದವರ ಹೆಸರು ಬರುತ್ತದೆ, ಇಲ್ಲವೇ ಎಷ್ಟು ದಿನ ಅನ್ನುವ ಅಳತೆ ಬರುತ್ತದೆ. ‘ಬೈ ದಿ ಮ್ಯಾನೇಜರ್’, ‘ಬೈ ಎ ವೀಕ್’ ಹೀಗೆ. ‘ಪುಟ್ ಆಫ್ ಬೈ ಮಂಡೇ’ ಅಂದರೆ ಸೋಮವಾರವೇ ಬಂದು ಮೀಟಿಂಗ್ ಮುಂದೂಡಿದಂತಾಯಿತು.

ಜನ ಬಂದರು, ಆದರೆ ಮೊದಲೇ ಬಂದುಬಿಟ್ಟರು ಅಂದರೆ ದೋಷ ಇನ್ನೂ ಒಳಗಿದೆ. ಕನ್ನಡದಲ್ಲಿ ತಡ ಮಾಡುವುದು ‘ಮುಂದಕ್ಕೆ ಹಾಕುವುದು’. ಅದನ್ನು ಹಾಗೆಯೇ ಎತ್ತಿ ‘ಪುಟ್ ಫಾರ್ವರ್ಡ್’, ‘ಬ್ರಿಂಗ್ ಫಾರ್ವರ್ಡ್’ ಅಂದರೆ ಇಂಗ್ಲಿಷಿನಲ್ಲಿ ದಿನ ನಮ್ಮ ಕಡೆಗೆ, ಅಂದರೆ ಬೇಗನೆ, ಬರುತ್ತದೆ. ಭಾರತದ ಇಂಗ್ಲಿಷಿನಲ್ಲಿ ‘ಪ್ರೀಪೋನ್’ ಅನ್ನುತ್ತೇವಲ್ಲ, ಅದೇ. ತಡವಾಗಬೇಕಾದರೆ ಅವರು ‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’ ಅನ್ನುತ್ತಾರೆ. ನಮ್ಮ ಮುಂದೆ ಅವರ ಹಿಂದೆ. ನಮ್ಮ ಹಿಂದೆ ಅವರ ಮುಂದೆ. ತಲೆ ತಿರುಗುತ್ತದೆ, ನಿಜ.

ಇದು ನಮ್ಮೊಬ್ಬರ ಪಾಡಲ್ಲ ಅನ್ನುವುದು ಸಮಾಧಾನ. ‘ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ, ಈಗ ಯಾವತ್ತು?’ ಎಂಬ ಪ್ರಶ್ನೆಯನ್ನು ಮನಸ್ಸು ಮತ್ತು ಭಾಷೆಯ ಅಧ್ಯಯನ ಮಾಡುವವರು ಹುಟ್ಟಾ ಇಂಗ್ಲಿಷ್ ಆಡುವವರ ಮುಂದೆ ಇಟ್ಟಿದ್ದಾರೆ. ಕೆಲವರು ಶುಕ್ರವಾರ ಅಂದರು, ಕೆಲವರು ಸೋಮವಾರ ಅಂದರು. ‘ಫಾರ್ವರ್ಡ್’, ‘ಬ್ಯಾಕ್’ ಅನ್ನುವ ಪದಗಳೇ ಅಷ್ಟು ಜಾರು.

ಹಾಗಾಗಿಯೇ ನಾನು ‘ಪುಟ್ ಆಫ್’ ಪರ. ಅದರಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ದಿನಾಂಕದ ಮಾತಿನಲ್ಲಿ ಅದು ಹೋಗುವುದು ಒಂದೇ ಕಡೆಗೆ, ತಡದ ಕಡೆಗೆ. ದಿನ ಬದಲಾಯಿಸುವಾಗ ‘ಫಾರ್ವರ್ಡ್’, ‘ಬ್ಯಾಕ್’ ಎರಡನ್ನೂ ಬದಿಗಿಡಿ. ತಡವಾದರೆ ‘ಪುಟ್ ಆಫ್ ಟಿಲ್’ ಅಂತ ಬರೆದು ವಾರ, ತಾರೀಕು ಎರಡನ್ನೂ ಹಾಕಿ. ಬೇಗ ಮಾಡುವುದಾದರೆ ಹೊಸ ತಾರೀಕನ್ನು ಹೇಳಿ ‘ಅರ್ಲಿಯರ್’ ಅಂತ ಸೇರಿಸಿ. ಭಾರತದ ಹೊರಗಿನವರಿಗೆ ‘ಪ್ರೀಪೋನ್’ ಹೊಸದಾಗಿ ಕೇಳಬಹುದು.

ಲಕ್ಷಣ 6: ದೀಪ, ಬೆಂಕಿ, ಬಟ್ಟೆ, ಮಾತ್ರೆ

ಇಲ್ಲಿ ಎಚ್ಚರ ಬೇಕು. ಇವುಗಳ ಬಗ್ಗೆ ‘ಪುಟ್ ಆಫ್’ ಅಂದಿದ್ದರೆ ದೋಷ ಜಾಗದಲ್ಲಿ ಇಲ್ಲ, ಪದದಲ್ಲೇ ಇದೆ.

‘ಪುಟ್ ಆಫ್ ದಿ ಲೈಟ್’ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ತಪ್ಪು ಅಂತ ಬಯ್ಯುವುದೂ ಬೇಡ. ಬೇರೆ ಕಡೆಯವರಿಗೆ ‘ಟರ್ನ್ ಆಫ್’, ‘ಸ್ವಿಚ್ ಆಫ್’ ಹೇಳಿ. ಕರೆಂಟು, ಗ್ಯಾಸು, ಯಂತ್ರ ಇರುವಲ್ಲಂತೂ ಅದನ್ನೇ ಹೇಳಿ. ಒಬ್ಬರ ಕೈ ತಂತಿಯ ಮೇಲಿರುವಾಗ ‘ಪುಟ್ ಆಫ್ ದಿ ಪವರ್’ ಅಂದರೆ ಏನು ಅಂತ ಇನ್ನೊಬ್ಬರು ಒಂದು ಕ್ಷಣ ಯೋಚಿಸುವಂತೆ ಆಗಬಾರದು.

ಬೆಂಕಿ ಆರಿಸುವುದು ‘ಪುಟ್ ಔಟ್’. ಬೆಂಕಿ ಹೊತ್ತಿಕೊಂಡಾಗ ಇದನ್ನು ನೆನಪು ಮಾಡಿಕೊಳ್ಳುತ್ತಾ ನಿಲ್ಲಬೇಡಿ, ‘ಫೈರ್’ ಅಂತ ಕೂಗಿ, ಸಾಕು.

ಬಟ್ಟೆ, ಚಪ್ಪಲಿ ಹಾಕಿಕೊಳ್ಳುವುದು ‘ಪುಟ್ ಆನ್’. ಅದಕ್ಕೆ ಎದುರು ‘ಪುಟ್ ಆಫ್’ ಇರಬೇಕು ಅನ್ನಿಸುವುದು ಸಹಜ. 17ನೇ ಶತಮಾನದ ಇಂಗ್ಲಿಷಿನಲ್ಲಿ ಹಾಗೆ ಬರೆಯುತ್ತಿದ್ದರು ಕೂಡ. ಈಗ ‘ಟೇಕ್ ಆಫ್’.

ಮಾತ್ರೆಯ ವಿಷಯ ಬಹಳ ಮುಖ್ಯ. ‘ಐ ಪುಟ್ ಆಫ್ ದಿ ಟ್ಯಾಬ್ಲೆಟ್ಸ್’ ಅಂದರೆ ಬಿಟ್ಟಿರೋ, ತಡವಾಗಿ ಶುರು ಮಾಡುತ್ತೀರೋ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಬಿಟ್ಟಿದ್ದರೆ ‘ಐ ಸ್ಟಾಪ್ಡ್ ಟೇಕಿಂಗ್ ದೆಮ್’. ಇನ್ನೂ ಶುರು ಮಾಡಿಲ್ಲದಿದ್ದರೆ ‘ಐ ಹ್ಯಾವ್ ನಾಟ್ ಸ್ಟಾರ್ಟೆಡ್ ದೆಮ್ ಯೆಟ್’. ಇಲ್ಲಿ ಚೆಂದದ ಇಂಗ್ಲಿಷ್ ಬೇಡ. ಅನುಮಾನವಿದ್ದರೆ ಇಂಗ್ಲಿಷ್ ನಿಲ್ಲಿಸಿ, ನಿಮ್ಮ ಭಾಷೆ ಬಲ್ಲವರನ್ನು ಕರೆಯಿರಿ.

ಲಕ್ಷಣ 7: ಬೇರೆಯವರು ಹೇಳಿದ ‘ಪುಟ್ ಆಫ್’ಗೆ ಮುಂದೂಡುವ ಅರ್ಥ ಹೊಂದುವುದೇ ಇಲ್ಲ

‘ದಿ ಸ್ಮೆಲ್ ಪುಟ್ ಮಿ ಆಫ್.’ ವಾಸನೆ ನನ್ನನ್ನು ಮುಂದೂಡಿತೇ? ಇಲ್ಲ. ನಡುವೆ ಏನು ಕೂತಿದೆ ನೋಡಿ. ಕೆಲಸ, ಸಭೆ, ಪ್ರಯಾಣ ಕೂತಿದ್ದರೆ ಮುಂದೂಡಿಕೆ. ಮನುಷ್ಯ ಕೂತಿದ್ದರೆ ಬೇರೆ ಅರ್ಥ ಇರುವ ಸಾಧ್ಯತೆ ಜಾಸ್ತಿ.

ಆಮೇಲೆ ವಾಕ್ಯದ ಮೊದಲಿಗೆ ಹೋಗಿ. ಅಲ್ಲಿ ವಾಸನೆ, ಬೆಲೆ, ಮಾತಿನ ಧಾಟಿ ಇಂಥದ್ದಿದ್ದರೆ ಅದರಿಂದ ‘ಬೇಡಪ್ಪಾ’ ಅನ್ನಿಸಿತು ಅಂತ ಅರ್ಥ. ‘ಡೋಂಟ್ ಲೆಟ್ ದಿ ಕವರ್ ಪುಟ್ ಯು ಆಫ್’ ಅಂದರೆ ಮುಖಪುಟ ನೋಡಿ ಬೇಡ ಅಂದುಕೊಳ್ಳಬೇಡಿ, ಒಳಗೆ ಚೆನ್ನಾಗಿದೆ ಅಂತ. ‘ಇಟ್ ಪುಟ್ ಮಿ ಆಫ್ ಕಾಫಿ’ ಅಂದರೆ ಅದಾದ ಮೇಲೆ ಕಾಫಿ ಮೇಲಿನ ಆಸೆಯೇ ಹೋಯಿತು. ಇಂಥದ್ದಕ್ಕೆ ‘ಆಫ್ ಪುಟಿಂಗ್’ ಅಂತ ಒಂದು ವಿಶೇಷಣವೂ ಇದೆ. ಇದರಲ್ಲಿ ಕೋಪವೇ ಇರಬೇಕೆಂದಿಲ್ಲ, ಮನಸ್ಸು ಹಿಂದೆ ಸರಿದರೆ ಸಾಕು.

ಮೊದಲಿಗೆ ಮನುಷ್ಯ ಇದ್ದು, ‘ಕೀಪ್ಸ್ ಪುಟಿಂಗ್ ಮಿ ಆಫ್’ ಅಂತ ಬಂದರೆ ಸಬೂಬು ಹೇಳಿ ಸಾಗಹಾಕುತ್ತಿದ್ದಾನೆ ಅಂತ. ನಮ್ಮ ‘ಸಾಗಹಾಕು’ಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ಸಿಗುವುದು ಕಷ್ಟ. ಯಾರೋ ಆಡುವಾಗ, ಓದುವಾಗ ‘ಸ್ಟಾಪ್ ಇಟ್, ಯು ಆರ್ ಪುಟಿಂಗ್ ಮಿ ಆಫ್’ ಅಂದರೆ ಗಮನ ಕೆಡಿಸಬೇಡ ಅಂತ. ಇದು ಹೆಚ್ಚಾಗಿ ಬ್ರಿಟನ್ನಿನವರ ಬಳಕೆ.

ಈ ಅರ್ಥಗಳನ್ನು ಕೇಳಿ ತಿಳಿದುಕೊಂಡರೆ ಸದ್ಯಕ್ಕೆ ಸಾಕು. ಬಳಸಲು ಅವಸರ ಬೇಡ. ಬೇರೆಯವರ ಅಡುಗೆಯ ಬಗ್ಗೆ ಅಥವಾ ಅವರ ಮಾತಿನ ಬಗ್ಗೆ ‘ಪುಟ್ ಮಿ ಆಫ್’ ಅಂದರೆ ನೀವು ಅಂದುಕೊಂಡದ್ದಕ್ಕಿಂತ ಜೋರಾಗಿ ತಾಗಬಹುದು.

ಎಲ್ಲಿ ನಿಲ್ಲಿಸಬೇಕು

ಕಚೇರಿಯ ಔಪಚಾರಿಕ ಪತ್ರದಲ್ಲಿ ‘ಪುಟ್ ಆಫ್’ ಸ್ವಲ್ಪ ಸಲಿಗೆಯ ಮಾತು. ಅಲ್ಲಿ ‘ಪೋಸ್ಟ್‌ಪೋನ್’, ‘ರೀಶೆಡ್ಯೂಲ್’ ಬರೆಯಿರಿ. ಕರಾರುಪತ್ರ, ಕೋರ್ಟಿನ ಕಾಗದ, ಹಣ ಕಟ್ಟುವ ಗಡುವು ಇವುಗಳಲ್ಲಿ ನೀವೇ ಪದ ಆರಿಸಬೇಡಿ. ಕೋರ್ಟಿನ ಮುಂದೂಡಿಕೆಗೆ ‘ಅಡ್ಜರ್ನ್’, ಪಾವತಿಯ ಮುಂದೂಡಿಕೆಗೆ ‘ಡಿಫರ್’ ಅನ್ನುವ ಪದಗಳಿವೆ, ಅವುಗಳ ಹಿಂದೆ ನಿಯಮಗಳೂ ಇರುತ್ತವೆ. ಬಲ್ಲವರಿಂದ ಓದಿಸಿ.

ಉಳಿದ ಕಡೆ, ಎರಡು ಸಲ ತಿದ್ದಿದರೂ ವಾಕ್ಯ ಸರಿ ಹೋಗದಿದ್ದರೆ ಅದನ್ನು ಮುರಿದು ಎರಡು ಮಾಡಿ. ‘ವಿ ಆರ್ ನಾಟ್ ಮೀಟಿಂಗ್ ಟುಡೇ. ವಿ ವಿಲ್ ಮೀಟ್ ಆನ್ ಮಂಡೇ.’ ಇದರಲ್ಲಿ ಕೆಡುವುದಕ್ಕೆ ಏನೂ ಇಲ್ಲ.

ಬೇರೆ ಜೋಡಿ ಪದಗಳಲ್ಲೂ ಇದೇ ಗೋಳಾದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ತೆಗೆಯಿರಿ. ‘ಪುಟ್’ ಎಂಬ ಪದದ ವಿವರಣೆ ಮುಗಿಯುವಲ್ಲಿ ಈ ಜೋಡಿಗಳು ಸಾಲಾಗಿ ಇರುತ್ತವೆ. ‘ಸಮ್‌ಥಿಂಗ್’ ಅಂತಿದ್ದರೆ ಅಲ್ಲಿ ವಸ್ತು ಅಥವಾ ಕೆಲಸ ಬರಬೇಕು. ‘ಸಮ್‌ಬಡಿ’ ಅಂತಿದ್ದರೆ ಮನುಷ್ಯ. ಕೆಲವು ನಿಘಂಟುಗಳಲ್ಲಿ ನಡುವೆ ಎರಡೂ ಕಡೆ ಮೊನೆ ಇರುವ ಒಂದು ಪುಟ್ಟ ಬಾಣ ಇರುತ್ತದೆ. ಆ ಬಾಣ ಕಂಡರೆ ಹೆಸರನ್ನು ‘ಆಫ್’ಗಿಂತ ಮೊದಲೂ ಇಡಬಹುದು, ಆಮೇಲೂ ಇಡಬಹುದು.